ಅಮೆರಿಕದ ಹಳೆಯ ಚುನಾವಣಾ ಬ್ಯಾಡ್ಜ್ ಅಸಲಿಯೋ ನಕಲಿಯೋ, ಗುರುತಿಸುವುದು ಹೇಗೆ?

ಮೊದಲು ಮೇಲ್ಮೈ ನೋಡಿ. ಅಧ್ಯಕ್ಷೀಯ ಚುನಾವಣೆಯಲ್ಲಿ ಪಿನ್ ಬ್ಯಾಡ್ಜ್‌ಗಳ ಭರಾಟೆ ಶುರುವಾದದ್ದು 1896ರಲ್ಲಿ, ಮೆಕಿನ್ಲಿ ಮತ್ತು ಬ್ರಯಾನ್ ಸ್ಪರ್ಧಿಸಿದಾಗ. ಆಗ ಅಚ್ಚಾದ ಕಾಗದದ ಮೇಲೆ ಸೆಲ್ಯುಲಾಯ್ಡ್ ಅನ್ನೋ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹೊದಿಸುತ್ತಿದ್ದರು. ತಗಡಿನ ಮೇಲೇ ಅಚ್ಚು ಹಾಕುವುದು ಬಳಕೆಗೆ ಬಂದದ್ದು 1920ರ ಸುಮಾರಿಗೆ. ಹಾಗಾಗಿ ಮೆಕಿನ್ಲಿ ಮುಖ ತಗಡಿನ ಮೇಲೇ ಅಚ್ಚಾಗಿದ್ದರೆ ನಕಲಿ ಅಂತಲೇ ಲೆಕ್ಕ. ಜಾಹೀರಾತಿಗೆಂದು ಕಂಪನಿಗಳು ಇಂಥವನ್ನು ಮುಂದೆ ರಾಶಿಗಟ್ಟಲೆ ಮಾಡಿಸಿದವು.

1973ರ ಕಾನೂನಿನ ಪ್ರಕಾರ ನಕಲಿನ ಮೇಲೆ ತಯಾರಾದ ವರ್ಷ ಇರಲೇಬೇಕು. ಆದರೆ ಅದನ್ನು ಕೆರೆದು ಮಾರುವವರೂ ಇದ್ದಾರಲ್ವಾ? ಅಂಚಿನಲ್ಲಿ ಗೀರಿದ್ದರೆ ಅನುಮಾನಪಡಿ. 1920ರ ಡೆಮಾಕ್ರಟಿಕ್ ಅಭ್ಯರ್ಥಿಗಳಾದ ಕಾಕ್ಸ್ ಮತ್ತು ರೂಸ್‌ವೆಲ್ಟ್ ಜೋಡಿಚಿತ್ರದ ಬ್ಯಾಡ್ಜ್ ಬಹಳ ಅಪರೂಪ. ಅದು ಅಗ್ಗಕ್ಕೆ ಸಿಕ್ಕರೆ ಸುಮ್ನೆ ನಕ್ಕು ಮುಂದೆ ಹೋಗಿ.

ಇನ್ನೊಂದು, ಅಸಲಿ ಸಿಕ್ಕರೆ ನೀರಿನಲ್ಲಿ ತೊಳೆಯಬೇಡಿ. ಒಳಗಿನ ಕಾಗದ ಕಲೆ ಹಿಡಿಯುತ್ತದೆ.