ನಾಯಿ ಹೊಲಸು, ಮೂಲೆಯ ಕಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಮುಂಬಯಿ, ಪುಣೆ, ಗೋವಾ ಮೂರೂ ಕಡೆಯಿಂದ ನಾಯಿ ಗಲೀಜಿನ ಪ್ರಶ್ನೆಗಳೇ ಬಂದಿವೆ. ಒಂದೇ ತೆರನಾದವನ್ನು ಒಟ್ಟುಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಸೊಸೈಟಿಯಲ್ಲಿ 64 ಫ್ಲ್ಯಾಟು, 9 ಸಾಕುನಾಯಿ. ಗೇಟಿನಿಂದ ರಿಕ್ಷಾ ಸ್ಟ್ಯಾಂಡಿನ ತನಕ ಫುಟ್‌ಪಾತ್ ಮೇಲೆ ಕಾಲಿಡುವ ಹಾಗಿಲ್ಲ. ಬೋರ್ಡು ಹಾಕಿದೆವು, ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದೆವು. ಜಗಳ ಹೆಚ್ಚಿತು, ಹೊಲಸು ಹಾಗೇ ಉಳಿಯಿತು. ನಾಯಿ ಸಾಕಿದವರು ಎಲ್ಲವನ್ನೂ ಬೀದಿನಾಯಿಗಳ ಮೇಲೆ ಹಾಕುತ್ತಾರೆ. ಕಮಿಟಿಯಿಂದ ದಂಡ ಹಾಕಬಹುದೇ? (ಕಾರ್ಯದರ್ಶಿ, ಮುಲುಂಡ್)

ಫೋಟೋ ಹಾಕುವುದನ್ನು ಇವತ್ತೇ ನಿಲ್ಲಿಸಿ. ಯಾರ ನಾಯಿ ಎಂಬುದಕ್ಕಿಂತ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಮೊದಲು ಗೊತ್ತಾಗಬೇಕು. ಒಂದು ವಾರ ವಾಚ್‌ಮನ್ ಕೈಗೆ ಸೀಮೆಸುಣ್ಣ ಕೊಡಿ. ಬೆಳಿಗ್ಗೆ 6, 9, ರಾತ್ರಿ 8, 11 ಗಂಟೆಗೆ ಒಂದೊಂದು ಸುತ್ತು ಹಾಕಿ, ಹೊಸದಾಗಿ ಕಂಡ ಪ್ರತಿ ಗುಡ್ಡೆಯ ಸುತ್ತ ಒಂದು ವೃತ್ತ ಎಳೆದು ಹೊತ್ತು ಬರೆಯಲಿ. ಮಳೆಯಿದ್ದರೆ ಸುಣ್ಣ ನಿಲ್ಲುವುದಿಲ್ಲ; ಒಂದು ಹಾಳೆಯ ಮೇಲೆ ಫುಟ್‌ಪಾತಿನ ನಕ್ಷೆ ಗೀಚಿ ಅದರಲ್ಲೇ ಗುರುತು ಮಾಡಲಿ.

ವಾರದ ಕೊನೆಗೆ ನಕ್ಷೆಯೇ ಮಾತಾಡುತ್ತದೆ. ಸಾಕುನಾಯಿಗಳದ್ದು ಗೇಟಿನಿಂದ ಹೊರಟ ಮೊದಲ ಎರಡು ಮೂರು ನಿಮಿಷದ ದಾರಿಯಲ್ಲಿ, ಲೈಟ್ ಕಂಬ, ಮರದ ಬುಡ, ಕಾರಿನ ಚಕ್ರದ ಪಕ್ಕ, ವಾಕಿಂಗ್ ಹೊತ್ತಿನಲ್ಲೇ ಬಿದ್ದಿರುತ್ತದೆ. ಬೀದಿನಾಯಿಗಳದ್ದು ಕಸದ ಮೂಲೆ ಅಥವಾ ಅನ್ನ ಹಾಕುವ ಜಾಗದ ಆಸುಪಾಸಿನಲ್ಲಿ ಹರಡಿರುತ್ತದೆ. ಪ್ಯಾಕೆಟ್ ಆಹಾರ ತಿನ್ನುವ ನಾಯಿಯ ಮಲ ಸಾಮಾನ್ಯವಾಗಿ ಗಟ್ಟಿ, ಒಂದೇ ಬಣ್ಣ. ಮೂಳೆ ಕಡಿಯುವ ನಾಯಿಯದ್ದು ಬಿಳಿಚಿ ಸುಣ್ಣದ ಹಾಗೆ ಪುಡಿಯಾಗುತ್ತದೆ. ಇದು ಸಾಕ್ಷಿಯಲ್ಲ, ಸುಳಿವು ಅಷ್ಟೇ. ಆದರೂ ಹೆಸರೆತ್ತದೆ ಈ ನಕ್ಷೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರೆ 'ನಮ್ಮದಲ್ಲ' ಎನ್ನುವ ಮಾತು ತಾನಾಗಿ ಕಡಿಮೆಯಾಗುತ್ತದೆ.

ಮುಂದಿನದು ಡಬ್ಬಿ. ಬಹುತೇಕ ಸೊಸೈಟಿಗಳು ಎಡವುವುದು ಇಲ್ಲೇ: ಡಬ್ಬಿ ಗೇಟಿನೊಳಗೆ, ಹೊಲಸು ಐವತ್ತು ಮೀಟರ್ ಆಚೆ. ಎತ್ತಿಕೊಂಡವರೂ ಚೀಲ ಹಿಡಿದು ಇಡೀ ವಾಕಿಂಗ್ ಮುಗಿಸಬೇಕು. ಆಗ ಗಂಟು ಕಟ್ಟಿದ ಚೀಲ ಮರದ ಬುಡ ಸೇರುತ್ತದೆ. ಬರೀ ಮಲಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ಮೊದಲ ಮಳೆಗೆ ಪ್ಲಾಸ್ಟಿಕ್ ಸಮೇತ ಚರಂಡಿಯ ಜಾಲರಿ ಕಟ್ಟುತ್ತದೆ. ವೃತ್ತಗಳು ಎಲ್ಲಿ ದಟ್ಟವಾಗಿವೆಯೋ ಅಲ್ಲೇ ವಾರ್ಡ್ ಆಫೀಸಿಗೆ ಅರ್ಜಿ ಕೊಟ್ಟು 20–25 ಲೀಟರಿನ ಮುಚ್ಚಳದ ಡಬ್ಬಿ ಇಡಿಸಿ, ಕಂಬಕ್ಕೆ ಸರಪಳಿ ಬಿಗಿಯಿರಿ. ತಳಕ್ಕೆ ಮಡಿಸಿದ ಪೇಪರು, ಅದರ ಮೇಲೆ ಎರಡು ಹಿಡಿ ಮರದ ಪುಡಿ ಅಥವಾ ಒಣಮಣ್ಣು ಹಾಕಿ. ದಿನಾ ಖಾಲಿ ಮಾಡಲೇಬೇಕು. ನೊಣದ ಮೊಟ್ಟೆ ನಮ್ಮ ಸೆಕೆಗೆ ಒಂದು ದಿನದೊಳಗೆ ಒಡೆಯುತ್ತದೆ. ಎರಡು ದಿನ ಬಿಟ್ಟ ಡಬ್ಬಿಯಲ್ಲಿ ಹುಳು ಹರಿದಾಡುತ್ತದೆ, ಆಮೇಲೆ ಅದರ ಹತ್ತಿರ ಯಾರೂ ಸುಳಿಯುವುದಿಲ್ಲ.

ಎತ್ತುವುದಕ್ಕೆ ದುಬಾರಿ ಸಾಮಾನು ಬೇಡ. ನಾಯಿ ಸುತ್ತು ಹಾಕಿ ಕುಳಿತುಕೊಳ್ಳುವ ಹೊತ್ತಿಗೆ ಅರ್ಧ ಹಾಳೆ ಪೇಪರನ್ನು ಹಿಂದಿನಿಂದ ಕೆಳಗೆ ಸರಿಸಿದರೆ ನೆಲ ಮುಟ್ಟುವುದೇ ಇಲ್ಲ. ಭೇದಿಯಾಗಿದ್ದರೆ ಮೇಲೆ ಮಣ್ಣೋ ಮರದ ಪುಡಿಯೋ ಉದುರಿಸಿ, ಒಂದು ನಿಮಿಷ ಬಿಟ್ಟು, ರಟ್ಟಿನಿಂದ ಕೆರೆದು ತೆಗೆಯಿರಿ. ನೀರು ಹೊಯ್ದರೆ ಒಂದಡಿಯಲ್ಲಿದ್ದದ್ದು ನಾಲ್ಕಡಿಗೆ ಹರಡುತ್ತದೆ. ಮಹಾರಾಷ್ಟ್ರದಲ್ಲಿ 2018ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ, ಹಾಗಾಗಿ ಅದನ್ನು ಹುಡುಕಬೇಡಿ. ಬ್ರೆಡ್ಡಿನ ಕವರು, ಖಾಲಿ ಹಿಟ್ಟಿನ ಪ್ಯಾಕೆಟ್ಟು ಸಾಕು.

ಇನ್ನು ದಂಡ. ಮುಂಬಯಿ ಮಹಾನಗರಪಾಲಿಕೆಯ 2006ರ ಸ್ವಚ್ಛತಾ ಉಪವಿಧಿಗಳಲ್ಲಿ ಸಾಕುಪ್ರಾಣಿ ಮಾಡುವ ಗಲೀಜಿಗೆ 500 ರೂ. ಇಟ್ಟಿದ್ದರು. ಅದನ್ನು ವಸೂಲು ಮಾಡುವವರು ಪಾಲಿಕೆಯವರು, ಸೊಸೈಟಿಯಲ್ಲ. ನಾಯಿ ಸಾಕಬೇಡಿ ಎನ್ನುವುದಾಗಲಿ, ನಾಯಿಗೆಂದು ಬೇರೆ ಶುಲ್ಕ ಹಾಕುವುದಾಗಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಗೆ ವಿರುದ್ಧ. ಕಮಿಟಿ ಕೇಳಿಕೊಳ್ಳಬಹುದು, ಡಬ್ಬಿ ಇಡಬಹುದು, ಪಾಲಿಕೆಗೆ ದೂರು ಬರೆಯಬಹುದು. ನಮ್ಮ ಅನಿಸಿಕೆಯಲ್ಲಿ ಆ ಅನುಕ್ರಮವೇ ಸರಿ.

ಪ್ರಶ್ನೆ: ಕಾಂಪೌಂಡಿನೊಳಗೆ ನಾಯಿಗಳಿಗೆಂದೇ ಒಂದು ಮರಳಿನ ಮೂಲೆ ಮಾಡಬೇಕೆಂದಿದ್ದೇವೆ. ಅಳತೆ ಎಷ್ಟು? (ಖಾರ್‌ಘರ್)

ಹತ್ತರೊಳಗಿನ ನಾಯಿಗಳಿಗೆ 6 ಅಡಿ ಉದ್ದ, 5 ಅಡಿ ಅಗಲ, 10 ಇಂಚು ಆಳ ಸಾಕು. ಬಿಸಿಲು ಬೀಳುವ ಜಾಗವೇ ಆಗಬೇಕು. ತಳದಲ್ಲಿ 4 ಇಂಚು ಜಲ್ಲಿ, ಅಂದರೆ 10 ಘನ ಅಡಿ. ಅದರ ಮೇಲೆ ಹಳೆ ಶೇಡ್‌ನೆಟ್ ಎರಡು ಮಡಿಕೆ. ಮೇಲೆ 6 ಇಂಚು ದಪ್ಪ ಮರಳು, 15 ಘನ ಅಡಿ. ಅಂಗಡಿಯವರು ಬ್ರಾಸ್ ಲೆಕ್ಕ ಹೇಳುತ್ತಾರೆ. ಒಂದು ಬ್ರಾಸ್ ಎಂದರೆ 100 ಘನ ಅಡಿ, ನಿಮಗೆ ಅಷ್ಟು ಬೇಡ. ಸಿಮೆಂಟ್ ಚೀಲದ ಲೆಕ್ಕದಲ್ಲಿ ಮರಳು ಸುಮಾರು 12, ಜಲ್ಲಿ 8 ಚೀಲ ಕೇಳಿ. ಶೇಡ್‌ನೆಟ್ ಬಿಟ್ಟರೆ ಮರಳು ಜಲ್ಲಿಯೊಳಗೆ ಇಳಿದು ಒಂದೇ ಮಳೆಗೆ ನೀರು ಕಟ್ಟಿಕೊಳ್ಳುತ್ತದೆ.

ನಡುವೆ ಎರಡಡಿ ಎತ್ತರದ ಮರದ ಗೂಟ ನೆಡಿ, ಗಂಡುನಾಯಿಗಳಿಗೆ ಕಾಲೆತ್ತಲು. ಮೊದಲ ದಿನ ಅದೇ ನಾಯಿಯ ಸ್ವಲ್ಪ ಮಲ ಅಲ್ಲಿಟ್ಟರೆ ವಾಸನೆ ಹಿಡಿದು ಬರುತ್ತದೆ. ಊಟವಾದ 15–30 ನಿಮಿಷದೊಳಗೆ ನಾಯಿಗೆ ಹೊಟ್ಟೆ ಸಡಿಲವಾಗುವುದು ಸಹಜ. ಹೀಗಾಗಿ ಮನೆಯಲ್ಲೇ ತಿನ್ನಿಸಿ, ಆಮೇಲೆ ಕೆಳಗೆ ಕರೆತನ್ನಿ. ಮಲ ದಿನಾ ತೆಗೆಯಬೇಕು, ವಾರಕ್ಕೊಮ್ಮೆ ಗುದ್ದಲಿಯಿಂದ ಮರಳು ಮಗುಚಬೇಕು, ಮೂರು ನಾಲ್ಕು ತಿಂಗಳಿಗೊಮ್ಮೆ ಮೇಲಿನ ಎರಡಿಂಚು ಬದಲಿಸಬೇಕು. ಮಕ್ಕಳು ಆಡುವ ಜಾಗದ ಪಕ್ಕ ಖಂಡಿತ ಬೇಡ. ಮಕ್ಕಳಿಗೆ ಮರಳು ಕಂಡರೆ ಸಾಕು!

ಪ್ರಶ್ನೆ: ನಾಯಿಮಲವನ್ನು ಹಸಿ ಕಸಕ್ಕೆ, ಗೊಬ್ಬರದ ಗುಂಡಿಗೆ ಹಾಕಬಹುದೇ? ಸೆಗಣಿ ಗೊಬ್ಬರವಾಗುವುದಿಲ್ಲವೇ? (ಕೋಥ್ರೂಡ್, ಪುಣೆ)

ದನ ಹುಲ್ಲು ತಿನ್ನುತ್ತದೆ, ನಾಯಿ ಮಾಂಸ ತಿನ್ನುತ್ತದೆ. ನಾಯಿಯ ಜಂತುಹುಳದ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು. ಅವು ಸಾಯಬೇಕಾದರೆ ಗೊಬ್ಬರದ ರಾಶಿಯ ಒಡಲು 60 ಡಿಗ್ರಿ ದಾಟಿ ಕೆಲವು ದಿನ ನಿಲ್ಲಬೇಕು. ಬಾಲ್ಕನಿಯ ಡ್ರಮ್ಮಾಗಲಿ ಎರೆಗೊಬ್ಬರದ ತೊಟ್ಟಿಯಾಗಲಿ ಅಷ್ಟು ಕಾಯುವುದಿಲ್ಲ. ಕೊತ್ತಂಬರಿ, ಮೆಂತೆ ಬೆಳೆಯುವ ಕುಂಡಕ್ಕಂತೂ ಹತ್ತಿರವೂ ತರಬೇಡಿ.

ಪೇಪರಿನಿಂದ ಜಾರಿಸಿ ಕಕ್ಕಸಿನಲ್ಲಿ ಫ್ಲಶ್ ಮಾಡುವುದು ಎಲ್ಲಕ್ಕಿಂತ ಶುಚಿ. ಚೀಲ ಮಾತ್ರ ಹಾಕಬೇಡಿ, 'ಕಂಪೋಸ್ಟಬಲ್' ಎಂದು ಬರೆದಿದ್ದರೂ ಪೈಪು ಕಟ್ಟುತ್ತದೆ. ಅದಾಗದಿದ್ದರೆ ಪೇಪರಿನಲ್ಲಿ ಎರಡು ಸುತ್ತು ಸುತ್ತಿ ಡಯಾಪರ್, ಪ್ಯಾಡುಗಳ ಕಸದ ಜೊತೆ ಕೊಡಿ. ಪ್ಯಾಡು, ಡಯಾಪರಿನ ಪೊಟ್ಟಣಕ್ಕೆ ಕೆಂಪು ಚುಕ್ಕಿ ಇಡುವ ರೂಢಿಯನ್ನು ಪುಣೆಯಲ್ಲಿ ಸ್ವಚ್ಛ್ ಸಹಕಾರಿಯ ಕಸ ಆಯುವ ಹೆಂಗಸರು ತಂದರು. ಇದಕ್ಕೂ ಇಡಿ: ಕೈಯಿಂದ ಕಸ ಬೇರ್ಪಡಿಸುವವರಿಗೆ ಒಳಗೇನಿದೆ ಎಂದು ಬಿಚ್ಚದೆಯೇ ತಿಳಿಯುತ್ತದೆ.

ಪ್ರಶ್ನೆ: ಗಲ್ಲಿಯ ತಿರುವಿನಲ್ಲಿ ಉಳಿದ ಅನ್ನ ಚೆಲ್ಲುತ್ತಾರೆ, ನಾಯಿ, ಇಲಿ, ಕಾಗೆ ಎಲ್ಲಾ ಸೇರುತ್ತವೆ. ಕೇಳಿದರೆ 'ಪುಣ್ಯದ ಕೆಲಸ' ಎನ್ನುತ್ತಾರೆ. (ಠಾಣೆ)

ತಿಂದ ಜಾಗದ ಹತ್ತಿರವೇ ಮಲ ಬೀಳುತ್ತದೆ, ಆದ್ದರಿಂದ ಅನ್ನದ ಜಾಗ ಸರಿಸಿದರೆ ಹೊಲಸಿನ ಜಾಗವೂ ಸರಿಯುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಊಟದ ಜಾಗ ಗೊತ್ತುಮಾಡುವ ಹೊಣೆ ಸೊಸೈಟಿಯದ್ದು ಅಥವಾ ಆ ಪ್ರದೇಶದ ಸ್ಥಳೀಯ ಸಂಸ್ಥೆಯ ಪ್ರತಿನಿಧಿಯದ್ದು: ಮೆಟ್ಟಿಲು, ಗೇಟು, ಮಕ್ಕಳ ಆಟದ ಜಾಗದಿಂದ ದೂರ, ಗೊತ್ತಾದ ಹೊತ್ತಿಗೆ. ಕಸ ಉಳಿಯದಂತೆ ನೋಡುವುದು ಊಟ ಹಾಕುವವರ ಜವಾಬ್ದಾರಿ. ರಸ್ತೆಯಲ್ಲಿ ಕಂಡಕಂಡಲ್ಲಿ ಹಾಕಬಾರದು, ವಾರ್ಡಿನಲ್ಲಿ ಜಾಗ ಗುರುತಿಸಬೇಕು ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿದೆ.

ಹಾಕುವವರ ಜೊತೆ ಪುಣ್ಯದ ಚರ್ಚೆಗೆ ಇಳಿಯಬೇಡಿ. ತಟ್ಟೆಯಲ್ಲಿ ಹಾಕಲಿ, ಅರ್ಧ ಗಂಟೆಗೆ ತಟ್ಟೆ ಎತ್ತಲಿ ಎಂದಷ್ಟೇ ಒಪ್ಪಿಸಿ. ರಾತ್ರಿಯಿಡೀ ಬಿದ್ದಿರುವ ಅನ್ನ ತಿನ್ನುವುದು ಇಲಿ. ಇಲಿಯ ಮೂತ್ರ ಸೇರಿದ ಮಳೆನೀರಿನಿಂದ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಬರುತ್ತದೆ. ಇನ್ನು ಕಸದ ಮೂಲೆಗೆ: ಘಂಟಾಗಾಡಿ (ಪಾಲಿಕೆಯ ಕಸದ ಗಾಡಿ) ಹೋದ ಕೂಡಲೇ ನೆಲ ಕೆರೆದು ತೊಳೆದು, ಅದೇ ದಿನ ಒಂದು ದೀಪ, ಭಾರದ ನಾಲ್ಕು ಕುಂಡ ಇಡಿ. ಮರುದಿನಕ್ಕೆ ಬಿಟ್ಟರೆ ರಾತ್ರಿಯೇ ಮೊದಲ ಚೀಲ ಬಿದ್ದಿರುತ್ತದೆ, ಒಂದನ್ನು ನೋಡಿ ಹತ್ತು.

ಪ್ರಶ್ನೆ: ಬೀಚಿನಲ್ಲಿ ಬರಿಗಾಲಲ್ಲಿ ಆಡಿದ ಮಗುವಿನ ಪಾದದಲ್ಲಿ ಹಾವಿನಂತೆ ಹರಿದ ಕೆಂಪು ಗೆರೆ, ತಡೆಯಲಾಗದ ತುರಿಕೆ. ನಾಯಿಗೆ ಸಂಬಂಧವಿದೆಯೇ? (ವಾಸ್ಕೊ, ಗೋವಾ)

ಇರಬಹುದು. ನಾಯಿ, ಬೆಕ್ಕುಗಳ ಕೊಕ್ಕೆಹುಳದ ಮರಿಗಳು ಹಸಿ ಮರಳಿನಿಂದ ಚರ್ಮದೊಳಗೆ ನುಸುಳಿದಾಗ ಇಂಥ ಗೆರೆ ಏಳುತ್ತದೆ. ಚರ್ಮದ ವೈದ್ಯರಿಗೆ ತೋರಿಸಿ, ಔಷಧಿಗೆ ಬಗ್ಗುತ್ತದೆ; ಸೂಜಿಯಿಂದ ಕೀಳಲು ಹೋಗಬೇಡಿ. ಮಲ ಬಿದ್ದ ಸುಮಾರು ವಾರಕ್ಕೆ ಮರಿಗಳು ಚುಚ್ಚುವ ಹಂತಕ್ಕೆ ಬರುತ್ತವೆ, ಅಂದಂದೇ ಎತ್ತಿದರೆ ಆ ಹಂತವೇ ಇಲ್ಲ. ಮಕ್ಕಳು ಭರತದ (ಸಮುದ್ರದ ಉಬ್ಬರದ) ನೀರು ತೊಳೆದ ಮರಳಿನಲ್ಲಿ ಆಡಲಿ, ಗುಡಿಸಲುಗಳ ನೆರಳಿನ ತಂಪು ಮರಳು ಬೇಡ. ಸಾಕುನಾಯಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ ತಪ್ಪಿಸಬೇಡಿ.

ಪ್ರಶ್ನೆ: ನೀಲಿ ನೀರಿನ ಬಾಟಲಿ ತೂಗುಹಾಕಿದರೆ ನಾಯಿ ಬರುವುದಿಲ್ಲವಂತೆ, ನಿಜವೇ? (ಅಂಧೇರಿ)

ಇಲ್ಲ. ಖಾರದ ಪುಡಿ, ನುಸಿಗುಳಿಗೆಯೂ ಬೇಡ. ನುಸಿಗುಳಿಗೆ ತಿಂದರೆ ನಾಯಿಗೂ ಮಗುವಿಗೂ ವಿಷ.

ಪ್ರಶ್ನೆ: ಲಿಫ್ಟಿನಲ್ಲಿ ನಾಯಿ ಮೂತ್ರದ ವಾಸನೆ. ಫಿನಾಯಿಲ್ ಹಾಕಿ ಒರೆಸಿದರೂ ಅದೇ ಮೂಲೆಗೆ ಮತ್ತೆ ಮಾಡುತ್ತದೆ. (ಡೊಂಬಿವಲಿ)

ಫಿನಾಯಿಲ್ ನಮ್ಮ ಮೂಗಿಗೆ ಮೋಸ ಮಾಡುತ್ತದೆ, ನಾಯಿಯ ಮೂಗಿಗಲ್ಲ. ಮೊದಲು ಪೇಪರು ಒತ್ತಿ ಹೀರಿಸಿ, ಸೋಪಿನ ನೀರಿನಿಂದ ತೊಳೆದು ಒಣಗಿಸಿ. ಆಮೇಲೆ ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಎಂಜೈಮ್ ದ್ರಾವಣ ಸುರಿದು 10–15 ನಿಮಿಷ ಹಸಿಯಾಗಿಯೇ ಬಿಡಿ. ತಕ್ಷಣ ಒರೆಸಿದರೆ ಹಣ ದಂಡ. ನೆಲ ಕಡಪ ಕಲ್ಲಾಗಿದ್ದರೆ ವಿನೆಗರ್, ಆಸಿಡ್ ಬೇಡ, ಕಲ್ಲನ್ನು ತಿನ್ನುತ್ತದೆ. ಹಸಿ ಮೂತ್ರದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೆ ಉಸಿರು ಕಟ್ಟಿಸುವ ಅನಿಲ ಏಳುತ್ತದೆ, ಅದೂ ಬಾಗಿಲು ಮುಚ್ಚಿದ ಲಿಫ್ಟಿನಲ್ಲಿ. ಗುಡಿಸುವವರಿಗೆ ಇದನ್ನು ಬಿಡಿಸಿ ಹೇಳಿ.