12 ವರ್ಷದ ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಬೇಕಾ? ಖಮ್ಮಂ ಸುದ್ದಿ ಓದಿ ಭಯವಾಗಿದೆ

ಹಾಕಿಸಿ. ನನ್ನ ಮಗಳಿಗೂ ಹಾಕಿಸಿದ್ದೇನೆ. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ಎನ್ನುವ ವೈರಸ್ಸನ್ನು ತಡೆಯುವ ಲಸಿಕೆ ಇದು.

ನಿಮ್ಮ ಮಕ್ಕಳ ಡಾಕ್ಟರ್ ಹಾಕಿಸಿ ಅಂದಿದ್ದಾರೆ. ಆದರೆ ಖಮ್ಮಂನಲ್ಲಿ ಹುಡುಗಿಯರು ಸತ್ತರು ಅಂತ ವಾಟ್ಸಾಪ್‌ನಲ್ಲಿ ಬಂದಿದೆ, ಮುಂದೆ ಮಕ್ಕಳಾಗಲ್ಲ ಅಂತ ಯಾರೋ ಹೇಳಿದ್ದಾರೆ, ಮದುವೆ ಹೊತ್ತಿಗೆ ನೋಡಿದರಾಯ್ತು ಅಂತ ಅತ್ತೆ ಅಂತಿದ್ದಾರೆ. ಇಷ್ಟು ಕಡೆಯಿಂದ ಇಷ್ಟು ಮಾತು ಬಂದರೆ ಯಾವ ತಾಯಿಗಾದರೂ ಗೊಂದಲ ಆಗುತ್ತದೆ. ಖಮ್ಮಂ ವಿಷಯವನ್ನೇ ಮೊದಲು ಹೇಳುತ್ತೇನೆ. ನನಗೂ ಜಾಸ್ತಿ ಹೆದರಿಕೆ ಇದ್ದದ್ದು ಅದರ ಬಗ್ಗೆಯೇ.

2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆ ಮತ್ತು ಗುಜರಾತಿನ ವಡೋದರದಲ್ಲಿ ಪಾತ್ ಎನ್ನುವ ಅಮೆರಿಕದ ಸಂಸ್ಥೆ, ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆಯಾದ ಐಸಿಎಂಆರ್ ಮತ್ತು ಆ ರಾಜ್ಯಗಳ ಸರ್ಕಾರಗಳ ಜೊತೆ ಸೇರಿ ಸಾವಿರಾರು ಹುಡುಗಿಯರಿಗೆ ಈ ಲಸಿಕೆ ಹಾಕಿಸಿತು. ಅವರಲ್ಲಿ 7 ಹುಡುಗಿಯರು ತೀರಿಕೊಂಡರು. ಅದು ನಿಜ. ಗಲಾಟೆ ಆಯಿತು, 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆ ಯೋಜನೆ ನಿಲ್ಲಿಸಿತು. ತನಿಖೆಯಲ್ಲಿ ಬಂದದ್ದು ಇದು: ಒಬ್ಬಳು ನೀರಿನಲ್ಲಿ ಮುಳುಗಿದ್ದಳು, ಒಬ್ಬಳಿಗೆ ಹಾವು ಕಚ್ಚಿತ್ತು. ಕೀಟನಾಶಕ ಕುಡಿದದ್ದು, ಮಲೇರಿಯಾ, ಹೀಗೆ ಉಳಿದವು. ಸಾವಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ.

ಆದರೆ ತಪ್ಪು ನಡೆದಿರಲಿಲ್ಲ ಅಂತಲ್ಲ. ಹಾಸ್ಟೆಲ್‌ಗಳಲ್ಲಿದ್ದ ಬಡ, ಬುಡಕಟ್ಟು ಮಕ್ಕಳಿಗೆ ಲಸಿಕೆ ಹಾಕುವಾಗ ಒಪ್ಪಿಗೆ ಪತ್ರಕ್ಕೆ ಎಷ್ಟೋ ಕಡೆ ವಾರ್ಡನ್‌ಗಳೇ ಸಹಿ ಹಾಕಿದ್ದರು. ಅಪ್ಪ ಅಮ್ಮನನ್ನು ಕೇಳಿರಲಿಲ್ಲ. 2013ರಲ್ಲಿ ಸಂಸತ್ತಿನ ಸಮಿತಿ ಇದನ್ನು ಕಟುವಾಗಿ ಖಂಡಿಸಿತು. ಆ ಸಿಟ್ಟು ನ್ಯಾಯವಾದದ್ದೇ. ನಿಮಗೆ ಬಂದ ಮೆಸೇಜ್ ಮಾತ್ರ ಸಾವಿನ ಸಂಖ್ಯೆ ಹೇಳಿ, ಕಾರಣ ಹೇಳದೆ ಬಿಟ್ಟಿದೆ.

ಇನ್ನೊಂದು ವಿಷಯವನ್ನು ಆ ಮೆಸೇಜ್ ಬರೆದವರು ಹೇಳುವುದೇ ಇಲ್ಲ. ಅದೇ ಹೊತ್ತಿಗೆ ನಮ್ಮ ದೇಶದಲ್ಲಿ ಬೇರೆ ಒಂದು ದೊಡ್ಡ ಅಧ್ಯಯನ ನಡೆಯುತ್ತಿತ್ತು. ಎರಡು ಡೋಸ್ ಸಾಕಾ, ಮೂರು ಬೇಕಾ ಅಂತ ನೋಡುವುದು ಅದರ ಉದ್ದೇಶ. 2010ರಲ್ಲಿ ಅದಕ್ಕೂ ತಡೆ ಬಿತ್ತು. ಹಾಗಾಗಿ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತು. ಸಂಶೋಧಕರು ಅವರನ್ನು ಕೈಬಿಡಲಿಲ್ಲ, ಸುಮಾರು ಹತ್ತು ವರ್ಷ ಗಮನಿಸುತ್ತಾ ಬಂದರು. 2021ರಲ್ಲಿ ಬಂದ ಫಲಿತಾಂಶ: ಕ್ಯಾನ್ಸರಿಗೆ ಮುಖ್ಯ ಕಾರಣವಾದ 16 ಮತ್ತು 18ನೇ ವಿಧದ ವೈರಸ್ ದೇಹದಲ್ಲಿ ಬೇರೂರದಂತೆ ಒಂದೇ ಡೋಸ್ ಕೂಡ ಸುಮಾರು ಶೇ 95ರಷ್ಟು ತಡೆದಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಕೊಟ್ಟರೂ ಸಾಕು ಅಂದಾಗ ಹಿಂದೆ ಇದ್ದ ಪುರಾವೆಗಳಲ್ಲಿ ಇದೂ ಒಂದು. ನಮ್ಮ ಹೆಣ್ಣುಮಕ್ಕಳಿಂದ ಇಡೀ ಜಗತ್ತಿಗೆ ಸಿಕ್ಕ ಪುರಾವೆ ಇದು. ನನಗೆ ಧೈರ್ಯ ಬಂದದ್ದು ಇದನ್ನು ಓದಿದ ಮೇಲೆ.

ಮಕ್ಕಳಾಗಲ್ಲ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಲಸಿಕೆಯಲ್ಲಿ ಇರುವುದು ವೈರಸ್ಸಿನ ಹೊರಗಿನ ಪ್ರೋಟೀನ್ ಮಾತ್ರ. ಭತ್ತದ ಜೊಳ್ಳಿನ ಹಾಗೆ, ನೋಡಲು ಕಾಳಿನಂತೆಯೇ, ಒಳಗೆ ಏನೂ ಇಲ್ಲ, ಮೊಳೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2007ರಿಂದ ಹುಡುಗಿಯರಿಗೆ ಕೊಡುತ್ತಿದ್ದಾರೆ. ಆಗ ಹಾಕಿಸಿಕೊಂಡವರು ಈಗ ತಾಯಂದಿರಾಗುವ ವಯಸ್ಸಿಗೆ ಬಂದಿದ್ದಾರೆ, ಅಂಥ ತೊಂದರೆ ಕಂಡಿಲ್ಲ. ಸ್ಕಾಟ್ಲೆಂಡಿನಲ್ಲಿ 2008ರಿಂದ 12-13ನೇ ವಯಸ್ಸಿನಲ್ಲಿ ಲಸಿಕೆ ಪಡೆದವರನ್ನು ನೋಡಿದಾಗ ಒಬ್ಬರಿಗೂ ಗರ್ಭಕಂಠದ ಕ್ಯಾನ್ಸರ್ ಬಂದಿರಲಿಲ್ಲ. 2024ರಲ್ಲಿ ಬಂದ ವರದಿ ಅದು.

ನಮ್ಮಲ್ಲಿ ಪ್ರತಿ ವರ್ಷ ಒಂದು ಲಕ್ಷಕ್ಕಿಂತ ಜಾಸ್ತಿ ಹೆಂಗಸರಿಗೆ ಈ ಕ್ಯಾನ್ಸರ್ ಬರುತ್ತದೆ. ನಮ್ಮ ಚಿಕ್ಕಮ್ಮ ಅವರಲ್ಲಿ ಒಬ್ಬರು. ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಹೋಗುತ್ತಿತ್ತು, ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಬಟ್ಟೆ ತಾವೇ ಒಗೆದು ಹಿತ್ತಲಲ್ಲಿ ಸೀರೆಯ ಅಡಿ ಒಣಹಾಕುತ್ತಿದ್ದರು. ಗೊತ್ತಾದಾಗ ತಡವಾಗಿತ್ತು. ರೇಡಿಯೇಷನ್‌ಗೆ ಬೆಂಗಳೂರಿಗೆ ಬರುವಾಗ ಬಸ್ಸಿನ ಸೀಟಿನ ಮೇಲೆ ದಿಂಬು ಹಾಕಿಕೊಂಡು, ಅದರ ಮೇಲೂ ಒಂದು ಬದಿಗೆ ವಾಲಿ ಕೂರುತ್ತಿದ್ದರು. ಅವರಿಗೆ ಇದ್ದದ್ದು ಒಬ್ಬನೇ ಗಂಡ, ಒಂದೇ ಸಂಸಾರ. ಇದನ್ನು ನಿಮ್ಮ ಅತ್ತೆಗೆ ಹೇಳಿ. ಈ ವೈರಸ್ ನಡತೆ ನೋಡಿ ಬರುವುದಲ್ಲ. ದಾಂಪತ್ಯ ಇದ್ದಲ್ಲಿ ಬರಬಹುದು, ಬಹಳ ಮಂದಿಗೆ ಬಂದು ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಉಳಿದು 15-20 ವರ್ಷದ ಮೇಲೆ ಕ್ಯಾನ್ಸರ್ ಆಗುತ್ತದೆ.

ಮದುವೆ ಹೊತ್ತಿಗೆ ಹಾಕಿಸಿದರೂ ಪ್ರಯೋಜನ ಇದೆ, ಇಲ್ಲ ಅಂತಲ್ಲ. ಆದರೆ ಒಳಗೆ ಸೇರಿದ ವೈರಸ್ಸನ್ನು ಲಸಿಕೆ ಓಡಿಸುವುದಿಲ್ಲ, ಬರುವ ಮೊದಲೇ ತಡೆಯುತ್ತದೆ, ಅಷ್ಟೇ. ಜೊತೆಗೆ 9ರಿಂದ 14ರ ವಯಸ್ಸಿನಲ್ಲಿ ದೇಹ ಇದಕ್ಕೆ ತುಂಬಾ ಚೆನ್ನಾಗಿ ಸ್ಪಂದಿಸುತ್ತದೆ. ಒಂದು ಡೋಸ್ ಕೊಟ್ಟರೂ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದರೂ, ನಮ್ಮ ಮಕ್ಕಳ ಡಾಕ್ಟರುಗಳು ಸಾಮಾನ್ಯವಾಗಿ ಈ ವಯಸ್ಸಿಗೆ 6 ತಿಂಗಳ ಅಂತರದಲ್ಲಿ ಎರಡು ಡೋಸ್ ಬರೆಯುತ್ತಾರೆ, 15 ತುಂಬಿದ ಮೇಲಾದರೆ ಮೂರು. ಸುಮ್ನೆ ಕಾದು ಒಂದು ಸೂಜಿ ಜಾಸ್ತಿ ಚುಚ್ಚಿಸಿಕೊಳ್ಳುವುದು ಯಾಕೆ?

ದುಡ್ಡಿನ ವಿಷಯ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಎಚ್‌ಪಿವಿ ಲಸಿಕೆ ಸರ್ವಾವ್ಯಾಕ್ 2023ರಲ್ಲಿ ಬಂದಾಗ ಡೋಸಿಗೆ 2000 ರೂಪಾಯಿ ಇತ್ತು. ಹೊರದೇಶದ ಲಸಿಕೆ ಗಾರ್ಡಾಸಿಲ್ 9 ಅದರ ಹಲವು ಪಟ್ಟು. ಅದು 9 ವಿಧದ ವೈರಸ್ ತಡೆಯುತ್ತದೆ, ಸರ್ವಾವ್ಯಾಕ್ 4. ಆದರೆ 16 ಮತ್ತು 18 ಎರಡರಲ್ಲೂ ಇವೆ. ನಾನು ಸರ್ವಾವ್ಯಾಕ್ ಹಾಕಿಸಿದೆ. ದುಬಾರಿಯದಕ್ಕೆ ದುಡ್ಡು ಕೂಡಿಸುತ್ತಾ ವರ್ಷ ಕಳೆಯಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದಾ ಅಂತಲೂ ಮೊದಲು ವಿಚಾರಿಸಿ.

ಸೂಜಿಯ ದಿನ ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ. ಈ ವಯಸ್ಸಿನ ಮಕ್ಕಳಿಗೆ ಕೆಲವೊಮ್ಮೆ ತಲೆ ಸುತ್ತುತ್ತದೆ, ಅದಕ್ಕೇ 15 ನಿಮಿಷ ಅಲ್ಲೇ ಕೂರಿಸುತ್ತಾರೆ. ನನ್ನ ಮಗಳಿಗೆ ತೋಳು ನೋಯುತ್ತಿತ್ತು, ಸ್ಕೂಲ್ ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೋದಳು. ಯೀಸ್ಟ್ ಅಲರ್ಜಿ ಇದ್ದರೆ, ಹಿಂದೆ ಯಾವುದಾದರೂ ಲಸಿಕೆಗೆ ಜೋರಾಗಿ ರಿಯಾಕ್ಷನ್ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಅವಳಿಗೂ ವಿಷಯ ಹೇಳಿ, ಮುಚ್ಚಿಡಬೇಡಿ. ದೊಡ್ಡವಳಾದ ಮೇಲೆ ಬರಬಹುದಾದ ಕ್ಯಾನ್ಸರ್ ತಡೆಯಲು ಈ ಸೂಜಿ ಅಂದರೆ 12 ವರ್ಷದವಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಕೊನೆಗೆ ನಿಮ್ಮ ವಿಷಯ. ನಿಮಗೆ 38 ಅಂತ ಬರೆದಿದ್ದೀರಿ. 30 ದಾಟಿದ ಹೆಂಗಸರೆಲ್ಲ ಈ ಕ್ಯಾನ್ಸರಿನ ತಪಾಸಣೆ ಮಾಡಿಸಿಕೊಳ್ಳಬೇಕು, ಲಸಿಕೆ ಪಡೆದವರೂ ಕೂಡ. ಗರ್ಭಕಂಠದ ಜೀವಕೋಶ ತೆಗೆದು ನೋಡುವ ಪ್ಯಾಪ್ ಟೆಸ್ಟ್ ಇದೆ, ವೈರಸ್ ಇದೆಯಾ ಅಂತ ನೋಡುವ ಎಚ್‌ಪಿವಿ ಟೆಸ್ಟ್ ಇದೆ. ಗರ್ಭಕಂಠಕ್ಕೆ ವಿನೆಗರ್‌ನಂಥ ದ್ರಾವಣ ಹಚ್ಚಿ, ಬಿಳಿ ಮಚ್ಚೆ ಕಾಣುತ್ತದಾ ಅಂತ ನೋಡುವ ವಿಐಎ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲೂ ಮಾಡುತ್ತಾರೆ. ಕೆಲವೇ ನಿಮಿಷದ ಕೆಲಸ. ಮಗಳ ಲಸಿಕೆಗೆ ಹೋದಾಗಲೇ ನಿಮ್ಮ ಪರೀಕ್ಷೆಗೂ ಒಂದು ದಿನ ಗೊತ್ತು ಮಾಡಿಕೊಂಡು ಬನ್ನಿ, ಸಾಧ್ಯವಾದರೆ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ.