ನಾಯಕಿ ಬದಲಾದರೆ ಸೀರಿಯಲ್ ಬಿಡಬೇಕಾ?

800 ಎಪಿಸೋಡ್ ಆದ ಮೇಲೆ ನಾಯಕಿಯನ್ನೇ ಬದಲಾಯಿಸಿದ್ದಾರೆ, ಅಮ್ಮ ಈಗ ಟೀವಿ ಮುಂದೆ ಕೂರುತ್ತಲೇ ಇಲ್ಲ, ಹೊಸ ನಟಿ ಸರಿಯಿಲ್ಲವಾ ಎಂದು ಕೇಳಿದ್ದೀರಿ.

ನನಗೆ ಹಾಗನ್ನಿಸುವುದಿಲ್ಲ. ತಪ್ಪು ಬರವಣಿಗೆಯದು. ‘ಪುಟ್ಟಗೌರಿ ಮದುವೆ’ ನೆನಪಿದೆ ಅಲ್ವಾ? 2012ರಲ್ಲಿ ಶುರುವಾದಾಗ ಪುಟ್ಟ ಗೌರಿ ಆಗಿದ್ದವರು ಸಾನ್ಯಾ ಅಯ್ಯರ್. ಆಮೇಲೆ ರಂಜನಿ ರಾಘವನ್ ಬಂದರು. ಜನ ಒಪ್ಪಿಕೊಂಡರು. ಯಾಕೆಂದರೆ ಕಥೆಯಲ್ಲೇ ಗೌರಿ ದೊಡ್ಡವಳಾಗಿದ್ದಳು.

ನಿಮ್ಮ ಸೀರಿಯಲ್‌ನಲ್ಲಿ ಮುಖದ ಜೊತೆ ಮಾತೂ ಬದಲಾಗಿದೆ. ನೀವೇ ಬರೆದ ಹಾಗೆ, ಅತ್ತೆಗೆ ಎದುರು ನಿಂತು ಉತ್ತರ ಕೊಡುತ್ತಿದ್ದ ಹುಡುಗಿ ಈಗ ಬಾಗಿಲ ಹಿಂದೆ ನಿಂತು ಅಳುತ್ತಾಳೆ. ಹಳೆಯ ನಟಿಯೇ ಇದ್ದಿದ್ದರೂ ಅವಳು ಬೇರೆಯವಳೇ ಅನ್ನಿಸುತ್ತಿತ್ತು. ಕಥೆ, ಚಿತ್ರಕಥೆ, ಸಂಭಾಷಣೆ ಎಷ್ಟೋ ಸಲ ಬೇರೆ ಬೇರೆಯವರು ಬರೆಯುತ್ತಾರೆ. ವಾರಕ್ಕೆ ಐದಾರು ಎಪಿಸೋಡ್ ಕೊಡಬೇಕು. ಗುರುವಾರ ಬರುವ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಅನ್ನುವ ವಾರದ ಲೆಕ್ಕ, ಇಳಿದರೆ ಕಥೆಯ ದಾರಿಯೇ ತಿರುಗಿಬಿಡುತ್ತದೆ. ಆ ಅವಸರದಲ್ಲಿ ಪಾತ್ರದ ಸ್ವಭಾವವನ್ನು ಕಾಪಾಡುವವರು ಯಾರೂ ಇಲ್ಲದಿದ್ದರೆ ಹೀಗಾಗುತ್ತದೆ. ನನಗೆ ನಿಜಕ್ಕೂ ಬೇಜಾರಾಗುವುದು ಇದಕ್ಕೇ.

ಹನುಮಂತನಗರದ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಇನ್ನೊಂದು ಸೀರಿಯಲ್‌ನ ಹೊಸ ನಟಿಯನ್ನು ಅಜ್ಜಿ ಎರಡು ವಾರ ‘ಆ ಹುಡುಗಿ’ ಅಂತಿದ್ದರು. ಮೂರನೇ ವಾರ ತಾಯಿ ಮಗಳ ಒಂದು ಒಳ್ಳೆಯ ಸೀನ್ ಬಂತು. ಅವತ್ತಿನಿಂದ ಪಾತ್ರದ ಹೆಸರಲ್ಲೇ ಕರೆಯುತ್ತಾರೆ.

ಅಮ್ಮನಿಗೆ ಇನ್ನೊಂದು ಹದಿನೈದು ದಿನ ನೋಡಲು ಹೇಳಿ. ಆಗಲೂ ಬರೀ ಅಳುವೇ ಆದರೆ ಬಿಟ್ಟುಬಿಡಲಿ. ಆದರೆ ಹೊಸ ನಟಿಯ ಇನ್‌ಸ್ಟಾಗ್ರಾಮ್‌ಗೆ ಹೋಗಿ ಸುಮ್ನೆ ಬೈಯುವುದು ಬೇಡ. ಪಾಪ, ಕೈಗೆ ಕೊಟ್ಟ ಮಾತನ್ನೇ ಅವರು ಹೇಳುತ್ತಿರುವುದು.